‘ನಾನು’ ಎಂದು ಬರೆದ ಹುಡುಗಿಗೆ ಸನ್ಮಾನ

ವೇದಿಕೆಯ ಮೇಲಿರುವ ಹನ್ನೊಂದು ಮಂದಿ ಗಣ್ಯರೇ, ಕೆಳಗಿರುವ ಒಂಬತ್ತು ಮಂದಿ ಸಭಿಕರೇ, ಕೇಸರಿಬಾತಿನ ವಾಸನೆ ಬರುವ ಕಡೆಗೆ ಮುಖ ಮಾಡಿ ಕೂತಿರುವ ಮಕ್ಕಳೇ,

ನನಗೆ ಐದು ನಿಮಿಷ ಅಂತ ನಿರೂಪಕರು ಚೀಟಿ ಕೊಟ್ಟಿದ್ದಾರೆ. ಮೂವತ್ತೆರಡು ವರ್ಷ ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವನಿಗೆ ಐದು ನಿಮಿಷ ಹಾಜರಿ ಕೂಗುವುದಕ್ಕೇ ಸಾಲದು. ಚೀಟಿಯನ್ನು ಜೇಬಿಗೆ ಹಾಕಿಕೊಂಡಿದ್ದೇನೆ.

ನಮ್ಮ ಬೀದಿಯ ಈ ಹುಡುಗಿಗೆ ಸ್ಕಾಲರ್‌ಶಿಪ್ ಸಿಕ್ಕಿದೆ ಅಂದುಕೊಂಡು ಕೆಲವರು ಬಂದಿದ್ದೀರಿ. ಸಿಕ್ಕಿಲ್ಲ. ಅರ್ಜಿ ಹಾಕಿದ್ದಾಳೆ, ಅಷ್ಟೆ. ಸಿಕ್ಕ ಮೇಲೆ ಸನ್ಮಾನ ಮಾಡುವುದಕ್ಕೆ ಮಂತ್ರಿಗಳಿರುತ್ತಾರೆ, ಮಠಾಧೀಶರಿರುತ್ತಾರೆ. ಆಗ ನಮಗೆ ಮೂರನೇ ಸಾಲಿನಲ್ಲೂ ಕುರ್ಚಿ ಹುಟ್ಟುವುದಿಲ್ಲ. ಅದಕ್ಕೇ ಮುಂಚಿತವಾಗಿ ಮೈಸೂರು ಪೇಟ ತೊಡಿಸಿಬಿಡೋಣ ಅಂತ ಸಂಘ ಒಮ್ಮತದಿಂದ ತೀರ್ಮಾನ ಮಾಡಿತು. ಪೇಟ ಬಾಡಿಗೆಯದು. ಏಳು ಗಂಟೆಗೆ ವಾಪಸ್ ಕೊಡಬೇಕು, ತಾಯಿ, ಫೋಟೊ ಬೇಗ ಮುಗಿಸು.

ಸ್ಕಾಲರ್‌ಶಿಪ್ಪಿನ ಹೆಸರನ್ನು ಬರೆಯುವುದು ಚೆವೆನಿಂಗ್, ಅಲ್ಲಿಯವರು ಹೇಳುವುದು ಚೀವ್ನಿಂಗ್, ಸ್ವಾಗತ ಮಾಡಿದವರು ಹೇಳಿದ್ದು ಚೂಯಿಂಗ್. ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಆ ಹೆಸರಿನ ದೊಡ್ಡ ಬಂಗಲೆಯೊಂದಿದೆ. ಅದರ ಒಡೆಯ, ಏಳನೇ ಅರ್ಲ್ ಸ್ಟ್ಯಾನ್‌ಹೋಪ್, 1967ರಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ, ಮನೆಯನ್ನು ದೇಶಕ್ಕೆ ಬಿಟ್ಟುಹೋದರು. ನಮ್ಮೂರಲ್ಲಾಗಿದ್ದರೆ ದಾಯಾದಿಗಳು ಇವತ್ತಿಗೂ ಕೋರ್ಟಿನಲ್ಲಿರುತ್ತಿದ್ದರು. 1983ರಲ್ಲಿ ಬ್ರಿಟಿಷ್ ಸರ್ಕಾರ ಶುರು ಮಾಡಿದ ವಿದ್ಯಾರ್ಥಿವೇತನಕ್ಕೆ ಆಮೇಲೆ ಈ ಮನೆಯ ಹೆಸರಿಟ್ಟರು. ನೂರ ಅರವತ್ತಕ್ಕೂ ಹೆಚ್ಚು ದೇಶಗಳವರು ಅರ್ಜಿ ಹಾಕುತ್ತಾರೆ. ಒಂದು ವರ್ಷದ ಮಾಸ್ಟರ್ಸ್ ಓದು. ಫೀಸು, ಊಟ ವಸತಿ, ವಿಮಾನದ ಟಿಕೆಟ್ಟು ಎಲ್ಲ ಅವರದೇ. ಓದು ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿನಲ್ಲಿ ಇರಲೇಬೇಕು. ಇಡೀ ಅರ್ಜಿಯಲ್ಲಿ ಅವಳ ಅಮ್ಮನಿಗೆ ಹಿಡಿಸಿದ್ದು ಈ ಒಂದು ನಿಯಮ.

ಅಲ್ಲಿ ರ‍್ಯಾಂಕು ತಂದವರೆಲ್ಲ ಗೆಲ್ಲುವುದಿಲ್ಲ. ಮೊದಲು 2,800 ಗಂಟೆ ದುಡಿದಿರಬೇಕು. ಇವಳು ರೈತ ಉತ್ಪಾದಕ ಕಂಪನಿಯಲ್ಲಿ ಕೊಬ್ಬರಿ ಲೆಕ್ಕ ನೋಡುವವಳು. ಡೈರಿ ತೆಗೆದು ಕೂಡಿಸಿ ಗಂಟೆ ತೋರಿಸಿದಳು. ಅದನ್ನು ನೋಡಿ ನಮ್ಮ ಸಂಘದ ಕಾರ್ಯದರ್ಶಿಗಳೂ ತಮ್ಮ ಗಂಟೆಗಳನ್ನು ಕೂಡಿಸಲು ಕೂತರು. ಆ ವಿಷಯ ಈಗ ಬೇಡ.

ಆಮೇಲೆ ಪ್ರಬಂಧ. ನಿಮ್ಮ ನಾಯಕತ್ವದ ಬಗ್ಗೆ ಬರೆಯಿರಿ, ಸಂಪರ್ಕಗಳನ್ನು ಹೇಗೆ ಕಟ್ಟಿಕೊಂಡಿರಿ ಬರೆಯಿರಿ, ಕೆಲವೇ ನೂರು ಪದಗಳಲ್ಲಿ. ಹುಡುಗಿ ನನ್ನ ಹತ್ತಿರ ಓಡಿ ಬಂದಳು. ನಾನು ಈ ಜಿಲ್ಲೆಯ ಅರ್ಧ ಅಭಿನಂದನಾ ಪತ್ರಗಳನ್ನು ಬರೆದವನು. ನಿವೃತ್ತ ಶಿರಸ್ತೇದಾರರನ್ನು ಧರ್ಮರಾಯನಿಗೂ, ಕಂಟ್ರಾಕ್ಟರರನ್ನು ಕರ್ಣನಿಗೂ ಹೋಲಿಸಿ ಚೌಕಟ್ಟು ಹಾಕಿಸಿ ಕೊಟ್ಟವನು. ಒಂದೇ ರಾತ್ರಿಯಲ್ಲಿ ಬರೆದುಕೊಟ್ಟೆ: ಬಾಲ್ಯದಿಂದಲೂ ನಾಯಕತ್ವವೆಂಬುದು ಈಕೆಯ ರಕ್ತದಲ್ಲಿ ಹರಿಯುತ್ತಿದ್ದು, ಸರಳ ಸಜ್ಜನಿಕೆಯ ಸಾಕಾರಮೂರ್ತಿಯಾದ ಈಕೆ ಸರ್ವರ ಅಚ್ಚುಮೆಚ್ಚಿನ...

ಹುಡುಗಿ ಓದಿದಳು. “ಮೇಷ್ಟ್ರೇ, ಇದರಲ್ಲಿ ನಾನು ಏನು ಮಾಡಿದೆ ಅಂತಲೇ ಇಲ್ಲವಲ್ಲ?” ಅಂದಳು.

ನಾನು ಹುಡುಕಿದೆ. ಇರಲಿಲ್ಲ. ಇನ್ನೂರು ಪದಗಳಲ್ಲಿ ಗುಣವಾಚಕಗಳು ತೇರಿಗೆ ಕಟ್ಟಿದ ಬಾವುಟಗಳ ಹಾಗೆ ಇದ್ದವು, ತೇರು ಮಾತ್ರ ಇರಲಿಲ್ಲ. ನಾನು ಬರೆದ ಉಳಿದ ಅಭಿನಂದನಾ ಪತ್ರಗಳನ್ನೂ ಆ ರಾತ್ರಿ ನೆನಪು ಮಾಡಿಕೊಂಡೆ. ವೇದಿಕೆಯ ಮೇಲಿರುವ ಗಣ್ಯರಲ್ಲಿ ನಾಲ್ವರಿಗೆ ನಾನೇ ಬರೆದಿದ್ದು. ಅವರು ದಯವಿಟ್ಟು ಮನೆಗೆ ಹೋಗಿ ಅದನ್ನು ಮತ್ತೆ ಓದಬಾರದು.

ಚೆವೆನಿಂಗ್‌ನವರು ಬೇಡುವ ರೀತಿಗೆ ಸ್ಟಾರ್ ಅನ್ನುತ್ತಾರಂತೆ. ನನಗೆ ಗೊತ್ತಿದ್ದದ್ದು ರೆಬೆಲ್ ಸ್ಟಾರ್ ಒಬ್ಬರೇ. ಇದು ಬೇರೆ: ಸಂದರ್ಭ ಏನು, ನಿನ್ನ ಹೊಣೆ ಏನು, ನೀನು ಏನು ಮಾಡಿದೆ, ಫಲ ಏನಾಯಿತು. ನೋಡಿದರೆ ಪೊಲೀಸರ ಮಹಜರು. ಒಂದು ವಿಶೇಷಣಕ್ಕೂ ಜಾಗವಿಲ್ಲ.

ಅವಳ ಮನೆಗೇ ಹೋಗಿ “ಸರಿ, ಏನು ಮಾಡಿದ್ದೀಯ, ಹೇಳು” ಅಂದೆ. ಕಾಲೇಜು ಸಂಘದ ಉಪಾಧ್ಯಕ್ಷೆಯಾಗಿದ್ದೆ ಅಂದಳು. ಆಗಿ? ಒಂದು ಬ್ಯಾಡ್ಜ್ ಕೊಟ್ಟಿದ್ದರು. ಮತ್ತೆ? ಬೇರೆ ಏನೂ ಇಲ್ಲ ಮೇಷ್ಟ್ರೇ ಅಂದಳು. ಆಗ ಒಳಗಿನಿಂದ ಅವಳ ಅಜ್ಜಿ ಕೂಗಿ ಹೇಳಿದರು, “ಕೊಬ್ಬರಿ ಸಾಲಿನದು ಬರೀರಿ, ಮೇಷ್ಟ್ರೇ.”

ನೆನಪಿದೆಯಲ್ಲ? 2024ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಮಾರುಕಟ್ಟೆಯಲ್ಲಿ ಅಷ್ಟು ಹುಟ್ಟುತ್ತಿರಲಿಲ್ಲ. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿಸಿದ ಕೊಬ್ಬರಿ. ಬೆಂಬಲ ಬೆಲೆಯ ಖರೀದಿಗೆ ನೋಂದಣಿ ತಪ್ಪಿದರೆ ವರ್ಷದ ದುಡಿಮೆಯೇ ತಪ್ಪಿದ ಹಾಗೆ. ಹಿಂದಿನ ರಾತ್ರಿಯೇ ಜನ ನೋಂದಣಿ ಕೇಂದ್ರದ ಮುಂದೆ ಬಂದು ಮಲಗಿದರು. ಮನುಷ್ಯರಿಗಿಂತ ಮುಂದೆ ಚಪ್ಪಲಿ, ಕಲ್ಲು, ಟವಲುಗಳು ಸಾಲಿನಲ್ಲಿ ಕೂತಿದ್ದವು. ನಡುರಾತ್ರಿ ಯಾರದೋ ಚಪ್ಪಲಿ ಯಾರದೋ ಕಲ್ಲಿಗಿಂತ ಮುಂದೆ ಹೋಯಿತು, ಕೈ ಕೈ ಮಿಲಾಯಿಸುವವರೆಗೂ ಬಂತು. ಈ ಹುಡುಗಿ ಅಜ್ಜಿಯನ್ನು ಕರೆದುಕೊಂಡು ಬಂದಿದ್ದವಳು. ಒಂದು ನೋಟ್‌ಬುಕ್ ತೆಗೆದಳು. ಇದ್ದವರ ಹೆಸರು, ಊರು, ಫೋನ್ ನಂಬರು ಇದ್ದ ಕ್ರಮದಲ್ಲೇ ಬರೆದುಕೊಂಡಳು. ನೂರ ಎಂಬತ್ತು ಚಿಲ್ಲರೆ ಹೆಸರು. ವಯಸ್ಸಾದವರನ್ನು, ಕಂಕುಳಲ್ಲಿ ಕೂಸಿದ್ದವರನ್ನು ಮನೆಗೆ ಕಳಿಸಿದಳು: ನಿಮ್ಮ ಸರದಿ ಬಂದಾಗ ಫೋನ್ ಮಾಡುತ್ತೇನೆ, ಬಂದು ಬೆರಳಚ್ಚು ಕೊಡಿ. ನಂಬಿದರೋ? ಮೊದಲು ನಂಬಲಿಲ್ಲ. ತನ್ನ ಅಜ್ಜಿಯ ಹೆಸರನ್ನು ಕೊನೆಗೆ ಬರೆದಳು, ಆಮೇಲೆ ನಂಬಿದರು.

ಇದನ್ನೇ ಬರಿ ಅಂದೆ. ಬರೆದುಕೊಂಡು ಬಂದಳು. ಏನಂತ? “ರೈತರ ಪಟ್ಟಿಯನ್ನು ಸಿದ್ಧಪಡಿಸಲಾಯಿತು. ಹಿರಿಯರನ್ನು ಮನೆಗೆ ಕಳುಹಿಸಲಾಯಿತು.”

ಯಾರು ಸಿದ್ಧಪಡಿಸಿದ್ದು, ತಾಯಿ? ಆಕಾಶವೇ? ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗುವುದಿಲ್ಲ ಅಂತ ಮೂವತ್ತೆರಡು ವರ್ಷ ಪಾಠ ಹೇಳಿದೆ. ತಾಲ್ಲೂಕು ಕಚೇರಿಯಲ್ಲಿ ಎಲ್ಲವೂ ಮಾಡಲಾಗುತ್ತದೆ, ಮಾಡಿದವರು ಮಾತ್ರ ಯಾರೂ ಇರುವುದಿಲ್ಲ. ತಿದ್ದು ಅಂದೆ. “ಎಲ್ಲರೂ ಸೇರಿ ಮಾಡಿದೆವು” ಅಂತ ತಿದ್ದಿದಳು. ‘ನಾನು’ ಅಂತ ಬರಿ ಅಂದರೆ ಪೆನ್ನು ಕೆಳಗಿಟ್ಟಳು. “ಜಂಬ ಅನ್ನಿಸುತ್ತೆ ಮೇಷ್ಟ್ರೇ” ಅಂದಳು. ಅವಳದೇನು ತಪ್ಪು? ಕನಕದಾಸರ ಕಥೆಯಲ್ಲಿ ‘ನಾನು’ ಹೋದರೆ ಸ್ವರ್ಗ ಸಿಗುತ್ತದೆ. ಈ ಅರ್ಜಿಯಲ್ಲಿ ‘ನಾನು’ ಹೋದರೆ ಸಿಗುವುದು ತಿರಸ್ಕಾರದ ಮೇಲ್. ನಮ್ಮಲ್ಲಿ ‘ನಾನು ನಾನು’ ಎಂದು ಎದೆ ತಟ್ಟಿಕೊಳ್ಳುವವರಿಗೆ ಅರ್ಜಿಯೇ ಬೇಕಾಗಿಲ್ಲ, ಟಿಕೆಟ್ಟೇ ಸಿಗುತ್ತದೆ, ಚುನಾವಣೆಯದು. ನಿಜವಾಗಿ ನೋಟ್‌ಬುಕ್ ತೆಗೆದವಳಿಗೆ ಆ ಎರಡಕ್ಷರ ಬರೆಯಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಬರೆದಳು: “ನಾನು ಪಟ್ಟಿ ಬರೆದೆ.” ಇವತ್ತಿನ ಸನ್ಮಾನ ಈ ಮೂರು ಪದಕ್ಕೆ. ಚಪ್ಪಾಳೆ.

ಇನ್ನು ನೆಟ್‌ವರ್ಕಿಂಗು. ವೇದಿಕೆಯಲ್ಲಿರುವ ಗಣ್ಯರೊಬ್ಬರು, ಹೆಸರು ಬೇಡ, “ನನ್ನ ನಂಬರ್ ಹಾಕಮ್ಮ, ಅದೇ ನೆಟ್‌ವರ್ಕು” ಅಂದರು. ಲಿಂಕ್ಡ್‌ಇನ್‌ನಲ್ಲಿ ಐನೂರು ಜನ ಆಗಬೇಕು ಅಂತ ಇನ್ನೊಬ್ಬರು. ನಮ್ಮ ಕಡೆ ಇದಕ್ಕೆ ಜನಬಳಕೆ ಅನ್ನುತ್ತಿದ್ದರು. ಮುಯ್ಯಾಳು ಅಂತ ಒಂದು ಪದ್ಧತಿ ಇತ್ತು, ಚಿಕ್ಕವರಿಗೆ ಗೊತ್ತಿಲ್ಲ: ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀವು, ಕೂಲಿ ಇಲ್ಲ, ಲೆಕ್ಕ ಇದೆ. ಮದುವೆಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವ ಪುಸ್ತಕ ಇವತ್ತಿಗೂ ಇದೆ. ಯಾರು ಯಾರಿಗೆ ಎಷ್ಟು, ಯಾವಾಗ, ಇಷ್ಟು ಅಚ್ಚುಕಟ್ಟಾದ ಸಂಪರ್ಕದ ದಾಖಲೆ ಯಾವ ಕಂಪನಿಯಲ್ಲಿದೆ, ಹೇಳಿ.

ಕೊಬ್ಬರಿ ಸಾಲಿನ ರಾತ್ರಿ ಹುಡುಗಿ ಯಾರು ಯಾರಿಗೆ ಫೋನ್ ಮಾಡಿದಳು ಅಂತ ಕೇಳಿದೆ. ಕಲ್ಯಾಣ ಮಂಟಪದವರಿಗೆ, ಶಾಮಿಯಾನ ಕೇಳಿ. ಸೈಬರ್ ಸೆಂಟರಿನ ಹುಡುಗನಿಗೆ, ಫ್ರೂಟ್ಸ್ ನಂಬರ್, ಅಂದರೆ ರೈತರ ಗುರುತಿನ ನಂಬರ್, ಸರಿ ಇಲ್ಲದವರ ಪಟ್ಟಿ ಮೊದಲೇ ನೋಡಿಕೊಡು ಅಂತ. ಕೌಂಟರಿಗೆ ಹೋಗಿ ಪೆಚ್ಚಾಗಿ ಬರುವುದು ತಪ್ಪಲಿ ಅಂತ. ಆಟೊದವರಿಗೆ, ನೀರಿನ ಕ್ಯಾನಿಗೆ. ಯಾರೂ ಇಲ್ಲ ಅನ್ನಲಿಲ್ಲ, ಯಾಕೆಂದರೆ ಅವರೆಲ್ಲರ ಒಂದಲ್ಲ ಒಂದು ಕೆಲಸಕ್ಕೆ ಅವಳು ಹಿಂದೆ ಹೋಗಿದ್ದಳು.

ಅದೇ ರಾತ್ರಿ ಅವಳಿಗೆ ಒಂದು ಫೋನ್ ಬಂತು ಕೂಡ. ಮಾಡಿದವನು ನಾನು. “ನಮ್ಮ ಭಾವಮೈದ ಬರ್ತಾನೆ, ಹೆಸರು ಸ್ವಲ್ಪ ಮೇಲೆ ಹಾಕಮ್ಮ” ಅಂದೆ. “ನೂರ ಮೂವತ್ತೊಂದನೇ ನಂಬರು ಮೇಷ್ಟ್ರೇ, ಹತ್ತು ಗಂಟೆಗೆ ಕಳಿಸಿ” ಅಂದಳು. ಭಾವಮೈದ ಹತ್ತಕ್ಕೆ ಹೋದ, ಹತ್ತೂಕಾಲಿಗೆ ಬಂದ. ಮನೆಯಲ್ಲಿ ನನ್ನ ಮರ್ಯಾದೆ ಏನಾಯಿತು ಅನ್ನುವುದು ಬೇರೆ. ಪ್ರಬಂಧದಲ್ಲಿ ಈ ಫೋನಿನ ಪ್ರಸಂಗವನ್ನೂ ಹಾಕಿದ್ದಾಳೆ, ಹೆಸರಿಲ್ಲದೆ. ಹೀಗಾಗಿ ನನ್ನ ವಶೀಲಿ ಸಮುದ್ರ ದಾಟಿ ಹೋಗಿದೆ. ನಮ್ಮ ಬೀದಿಯಿಂದ ಲಂಡನ್ನಿಗೆ ಹೋದ ಮೊದಲನೆಯದು ಅದೇ.

“ಅಲ್ಲಿ ನಮ್ಮವರು ಅಂತ ಯಾರಿದ್ದಾರೆ?” ಅಂತ ಅವಳ ಅಮ್ಮನ ಚಿಂತೆ. ಥೇಮ್ಸ್ ನದಿ ದಂಡೆಯ ಲ್ಯಾಂಬೆತ್‌ನಲ್ಲಿ 2015ರ ನವೆಂಬರ್ 14ರಿಂದ ಬಸವಣ್ಣನವರ ಪ್ರತಿಮೆ ಇದೆ, ಅಮ್ಮ. ಉಳಿದವರನ್ನು ಇವಳು ಸಂಪಾದಿಸಿಕೊಳ್ಳುತ್ತಾಳೆ. ಚೆವೆನಿಂಗ್‌ನಲ್ಲಿ ಓದಿದವರೇ ಲೋಕದ ತುಂಬ ಐವತ್ತು ಸಾವಿರಕ್ಕೂ ಹೆಚ್ಚಿದ್ದಾರೆ.

ಮುಗಿಸುತ್ತೇನೆ, ನಿರೂಪಕರು ಎರಡನೇ ಚೀಟಿ ಕಳಿಸಿದ್ದಾರೆ. ಒಂದು ಪ್ರಕಟಣೆ ಇದೆ. ಕರೆ ಬಂದರೆ ಸಂದರ್ಶನ ಇರುತ್ತದೆ. ಬರೆದದ್ದನ್ನೆಲ್ಲ ಅಲ್ಲಿ ಕೆದಕಿ ಕೇಳುತ್ತಾರೆ. ಆ ಪಟ್ಟಿಯ ನೋಟ್‌ಬುಕ್ ಅವಳ ಹತ್ತಿರ ಇಲ್ಲ. ಸಾಲು ಮುಗಿದ ಮೇಲೆ ಯಾರೋ ಹಾಲಿನ ಲೆಕ್ಕ ಬರೆಯಲು ಇಸಕೊಂಡು ಹೋಗಿದ್ದಾರೆ. ನೀಲಿ ರಟ್ಟು, ನೂರು ಪುಟ, ಹಿಂದುಗಡೆ ಮಗ್ಗಿ ಅಚ್ಚಾಗಿದೆ. ನಿಮ್ಮಲ್ಲಿ ಯಾರ ಮನೆಯಲ್ಲಿದ್ದರೂ ನಾಳೆ ಬೆಳಗ್ಗೆಯೊಳಗೆ ತಂದು ಅವಳ ಅಜ್ಜಿಯ ಕೈಗೆ ಕೊಡಿ. ಹಾಲಿನ ಲೆಕ್ಕ ಬರೆದ ಹಾಳೆಗಳನ್ನು ಹರಿದುಕೊಂಡೇ ಕೊಡಿ, ಪರವಾಗಿಲ್ಲ.