ಖಾತೆಗೊಬ್ಬ ನೀರುಗಂಟಿ ಬೇಕಾಗಿದ್ದಾನೆ

ನಮ್ಮ ಕಡೆ ತೆಂಗಿನಕಾಯಿ ಉಂಡೆ ಕೊಬ್ಬರಿ ಆಗಬೇಕಾದರೆ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ತಪಸ್ಸಿಗೆ ಕೂರಬೇಕು. ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನಬೇಕು. ಆಮೇಲೆ ಸುಲಿಯಬೇಕು, ಉಂಡೆಗೆ ಏಟು ಬೀಳದಂತೆ ಚಿಪ್ಪು ಬಿಡಿಸಬೇಕು, ಚೀಲಕ್ಕೆ ತುಂಬಿ ತಿಪಟೂರು ಮಾರುಕಟ್ಟೆಗೆ ಸಾಗಿಸಬೇಕು. ಇಷ್ಟಾಗಿ ಖಾತೆಗೆ ಬಂದ ದುಡ್ಡು ಹೊರಟುಹೋಗಲು ಎಷ್ಟು ಹೊತ್ತು? ನಾಲ್ಕಂಕಿ ಒತ್ತುವಷ್ಟು.

ಹಾಗಂತ ಮೊಬೈಲ್ ಬ್ಯಾಂಕಿನ ಉಪಕಾರ ಮರೆಯಬಾರದು. ಮಂಡಿಯ ಮೆಟ್ಟಿಲ ಮೇಲೆ ಕೂತು 'ಮುಂದಿನ ವಾರ ಬನ್ನಿ ಯಜಮಾನ್ರೇ' ಅನ್ನಿಸಿಕೊಂಡು ಬರುವುದು ತಪ್ಪಿತು. ಪಾಸ್‌ಬುಕ್ ಹಿಡಿದು ಹುಳಿಯಾರಿಗೆ ಬಸ್ ಹತ್ತಿ, ಪ್ರಿಂಟರ್ ಕೆಟ್ಟಿದೆ ಅನ್ನುವ ಮಂಗಳವಾಕ್ಯ ಕೇಳಿ ಮರಳುವುದೂ ತಪ್ಪಿತು. ಈಗ ನೆಟ್‌ವರ್ಕ್ ಸಿಗುವ ಕಡೆ ನಿಂತರೆ ಬ್ಯಾಂಕೇ ಅಂಗೈಯಲ್ಲಿ. ಟೀ ಅಂಗಡಿಯ ಪೆಟ್ಟಿಗೆಯಂತೂ ನಾನು ಕೊಟ್ಟ ಹತ್ತು ರೂಪಾಯಿಯನ್ನು ಊರಿಗೆಲ್ಲ ಡಂಗುರ ಸಾರುತ್ತದೆ. ಹೋದ ಹತ್ತು ಸಾವಿರಕ್ಕೆ ಮಾತ್ರ ಯಾವ ಪೆಟ್ಟಿಗೆಯೂ ಬಾಯಿ ಬಿಡುವುದಿಲ್ಲ.

ಮೈಸೂರು ಅರಸರ ಕಾಲದಲ್ಲಿ ಸುವರ್ಣಮುಖಿ ಹೊಳೆಗೆ ಅಡ್ಡಲಾಗಿ ಬೋರನಕಣಿವೆಯ ಏರಿ ಎಬ್ಬಿಸಿದವರಿಗೆ ಒಂದು ಸಣ್ಣ ತಿಳಿವಳಿಕೆ ಇತ್ತು: ನೀರು ನಿಲ್ಲಿಸಿದರೆ ಸಾಲದು, ತೂಬು ಕಾಯಲು ಆಳು ಬೇಕು. ಕೆರೆಗಳಿದ್ದ ಊರುಗಳಲ್ಲಿ ಆ ಕೆಲಸಕ್ಕೆ ನೀರುಗಂಟಿ ಇರುತ್ತಿದ್ದ. ಈಗಿನ ಬ್ಯಾಂಕು ಜೇಬಿಗೊಂದು ತೂಬು ಇಟ್ಟು, ನೀರುಗಂಟಿಯನ್ನು ಮನೆಗೆ ಕಳಿಸಿ, 'ಇನ್ನು ನೀವೇ ಎಚ್ಚರವಾಗಿರಿ' ಎಂದು ಸಂದೇಶ ಹಾಕಿತು. ಇಂಗ್ಲಿಷಿನಲ್ಲಿ.

ಕಳ್ಳ ಹಾಗಲ್ಲ. ಅಚ್ಚಗನ್ನಡದಲ್ಲಿ 'ಊಟ ಆಯ್ತಾ ಯಜಮಾನ್ರೇ' ಅನ್ನುತ್ತಾನೆ. ನಿಮ್ಮ ಕೊಬ್ಬರಿ ದುಡ್ಡು ಕಳಿಸ್ತಾ ಇದ್ದೀನಿ, ಪಿನ್ ಒತ್ತಿ ತಗೊಳ್ಳಿ ಅನ್ನುತ್ತಾನೆ. ದುಡ್ಡು ಬರಲು ಪಿನ್ ಬೇಡ, ಹೋಗಲು ಮಾತ್ರ ಬೇಕು ಎಂಬ ಒಂದು ಸಾಲನ್ನು ನಮ್ಮ ಕಿವಿಗೆ ಯಾರೂ ಹಾಕಿರಲಿಲ್ಲ. ಯುಪಿಐ ಬಂದದ್ದು 2016ರಲ್ಲಿ. ಒಬ್ಬರಿಂದೊಬ್ಬರು ಹೀಗೆ ದುಡ್ಡು ಕೇಳುವ ಕಲೆಕ್ಟ್ ಕೋರಿಕೆಯನ್ನು ನಿಲ್ಲಿಸಿದ್ದು 2025ರ ಅಕ್ಟೋಬರ್ 1ಕ್ಕೆ. ಅಷ್ಟರಲ್ಲಿ ತಿಪಟೂರು ತಳಿಯ ಸಸಿ ನೆಟ್ಟಿದ್ದರೂ ಫಸಲಿಗೆ ಬರುತ್ತಿತ್ತು.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಓದಿದರೆ ಕಣ್ಣು ತುಂಬಿ ಬರುತ್ತದೆ. ಹೊರಗಿನವರು ಕನ್ನ ಹಾಕಿದ್ದನ್ನು ಬ್ಯಾಂಕ್ ತಿಳಿಸಿದ ಮೂರು ಕೆಲಸದ ದಿನಗಳೊಳಗೆ ದೂರಿತ್ತರೆ ಗ್ರಾಹಕನಿಗೆ ನಷ್ಟವಿಲ್ಲ. ಆದರೆ ಗುಟ್ಟಿನ ಸಂಖ್ಯೆ ಹೇಳಿಕೊಟ್ಟಿದ್ದರೆ ಅದು ಅವನ ನಿರ್ಲಕ್ಷ್ಯ; ದೂರು ಕೊಡುವವರೆಗಿನ ನಷ್ಟವೆಲ್ಲ ಅವನದೇ ಎಂದಿತ್ತು ಆ ಸುತ್ತೋಲೆ. ಅಂದರೆ ಗೋಡೆ ಒಡೆದು ಬಂದ ಕಳ್ಳನಿಗೆ ಒಂದು ಲೆಕ್ಕ, ಬಾಗಿಲು ತಟ್ಟಿ ಮಾತಾಡಿಸಿ ಬಂದವನಿಗೆ ಇನ್ನೊಂದು. ನಮ್ಮ ಕಡೆಗೆ ಬರುವವರೆಲ್ಲ ಎರಡನೇ ಜಾತಿಯವರು. ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ದುಡ್ಡು ದಾರಿಯಲ್ಲೇ ತಡೆಯಬಹುದಂತೆ. ಮಾಡಬೇಕು, ನಿಜ. ಮೊದಲು ಸಿಗ್ನಲ್ ಸಿಗಬೇಕು.

ಹೀಗೆ ದುಡ್ಡು ಕಳಕೊಂಡ ನಮ್ಮೂರಿನ ಹಿರಿಯರೊಬ್ಬರ ಜೊತೆ ನಾನೂ ಬ್ಯಾಂಕಿಗೆ ಹೋಗಿದ್ದೆ. ಗಾಜಿನ ಆಚೆಯಿಂದ ತಲೆ ಎತ್ತದೆಯೇ ಪ್ರಶ್ನೆ ಬಂತು: 'ಫೋನ್ ಮಾಡಿದೋನಿಗೆ ಒಟಿಪಿ ಯಾಕ್ರೀ ಕೊಟ್ರಿ?'

'ಬ್ಯಾಂಕ್‌ನೋರೇ ಅಂದ್ಕೊಂಡೆ ಸ್ವಾಮಿ,' ಅಂದರು ಹಿರಿಯರು. 'ಆದ್ರೆ ಅಷ್ಟು ಮರ್ಯಾದೆಯಾಗಿ ಮಾತಾಡಿಸ್ದಾಗ್ಲೇ ನನಗೆ ಅನುಮಾನ ಬರಬೇಕಿತ್ತು.'