ಒಡೆದ ಸಂಖ್ಯೆ

‘ಎರಡೇ ಮಾತು ಹೇಳಿ ಕೂರುತ್ತೇನೆ’ ಎಂದ ಭಾಷಣಕಾರರು ಕೂತದ್ದನ್ನು ನಾನು ಕಂಡಿಲ್ಲ. ಹಾಗಾಗಿ ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್ ಮೇಲೆ ನನಗೆ ವಿಪರೀತ ಭಕ್ತಿ. 1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಅಮೆರಿಕನ್ ಗಣಿತ ಸಂಘದ ಸಭೆಯಲ್ಲಿ ಅವರು ಬಾಯಿಯನ್ನೇ ಬಿಡದೆ ಭಾಷಣ ಮುಗಿಸಿದರಂತೆ.

ವಿಷಯ ಒಂದು ಸಂಖ್ಯೆ. ಅರವತ್ತೇಳು ಎರಡುಗಳನ್ನು ಗುಣಿಸಿ ಒಂದು ಕಳೆದರೆ ಬರುವುದು: 14,75,73,95,25,89,67,64,12,927. ಓದಲು ಹೋಗಬೇಡಿ, ಹದಿನಾಲ್ಕು ಲಕ್ಷ ಕೋಟಿ ಕೋಟಿಗೂ ಮೇಲೆ. ನನ್ನ ಮೊಬೈಲಿನ ಕ್ಯಾಲ್ಕುಲೇಟರ್ ತಲೆಯ ಕೆಲವು ಅಂಕಿ ತೋರಿಸಿ, ಬಾಲಕ್ಕೊಂದು ‘ಇ’ ಅಂಟಿಸಿ ಕೈತೊಳೆದುಕೊಂಡಿತು.

ಫ್ರಾನ್ಸಿನ ಪಾದ್ರಿ ಮೆರ್ಸೆನ್ 1644ರಲ್ಲಿ ಇದು ಅವಿಭಾಜ್ಯ, ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದು ಎಂದು ಬರೆದಿಟ್ಟರು. ಪಾದ್ರಿ ಹೇಳಿದ ಮೇಲೆ ಮುಗಿಯಿತು. ಇನ್ನೂರು ಚಿಲ್ಲರೆ ವರ್ಷ ಅದು ಒಟ್ಟುಕುಟುಂಬದ ಗೌರವದಲ್ಲಿ ಬಾಳಿತು. 1876ರಲ್ಲಿ ಅದೇ ದೇಶದ ಗಣಿತಜ್ಞ ಲ್ಯೂಕಾ ‘ಈ ಮನೆ ಪಾಲಾಗಿದೆ’ ಎಂದು ಸಾಧಿಸಿದರು. ಯಾರಿಗೆಷ್ಟು ಪಾಲು? ಅದು ಮಾತ್ರ ಅವರಿಗೂ ಗೊತ್ತಿಲ್ಲ! ಭಾಜಕಗಳನ್ನು ಹುಡುಕದೆಯೇ ತೀರ್ಪು ಕೊಡುವ ಉಪಾಯ ಅವರದು. ನಮ್ಮ ಬೀದಿಯ ಕೊನೆಮನೆ ಅಜ್ಜಿಗೂ ಈ ಸಿದ್ಧಿಯಿತ್ತು. ಒಳಗೆ ಕಾಲಿಡದೆಯೇ ಯಾವ ಮನೆ ಒಡೆದಿದೆ ಎಂದು ಹೇಳಿಬಿಡುತ್ತಿದ್ದರು.

ಪಾಲುಪಟ್ಟಿ ತಂದವರು ಕೋಲ್. ಕರಿಹಲಗೆಯ ಒಂದು ಕಡೆ ದೊಡ್ಡ ಸಂಖ್ಯೆಯನ್ನು ಬರೆದರು. ಇನ್ನೊಂದು ಕಡೆ 193707721 ಮತ್ತು 761838257287 ಬರೆದು, ಸಾಲು ಕೆಳಗೆ ಸಾಲು ಇಟ್ಟು ಗುಣಿಸಿದರು. ಎರಡೂ ಕಡೆ ಒಂದೇ ಉತ್ತರ. ಸೀಮೆಸುಣ್ಣ ಇಟ್ಟು ಹೋಗಿ ಕೂತರು. ಚಪ್ಪಾಳೆಯೋ ಚಪ್ಪಾಳೆ.

ಎಷ್ಟು ಕಾಲ ಹಿಡಿಯಿತು ಎಂದು ಕೇಳಿದರೆ ‘ಮೂರು ವರ್ಷದ ಭಾನುವಾರಗಳು’ ಎಂದರಂತೆ. ಕಥೆಯನ್ನು ಹೀಗೆ ಹೇಳಿದವರು ಗಣಿತಜ್ಞ ಇ. ಟಿ. ಬೆಲ್, ಸ್ವಲ್ಪ ಒಗ್ಗರಣೆ ಬಿದ್ದಿದ್ದೀತು. ಗುಣಾಕಾರಕ್ಕೆ ಮಾತ್ರ ಒಗ್ಗರಣೆ ಹತ್ತುವುದಿಲ್ಲ. ಅಂಕಿಗಳನ್ನು ಕೂಡಿ ನೋಡಿ: ಚಿಕ್ಕ ಪಾಲಿನ ಮೊತ್ತ 37, ದೊಡ್ಡ ಪಾಲಿನದು 64, ಇಡೀ ಆಸ್ತಿಯದು 109. ಮತ್ತೆ ಮತ್ತೆ ಕೂಡಿದರೆ ಮೂರೂ ಒಂದಕ್ಕೇ ಬಂದು ನಿಲ್ಲುತ್ತವೆ. ಒಂದೊಂದ್ಲ ಒಂದು!

ಅಷ್ಟಕ್ಕೆ ಸಮಾಧಾನವಾಗದೆ, ಭಾನುವಾರ ಕರೆಂಟ್ ಬಿಲ್ಲಿನ ಹಿಂದೆ ಪೂರ್ತಿ ಗುಣಾಕಾರಕ್ಕೇ ಕೂತೆ.

‘ಏನ್ರೀ ಅದು?’ ಎಂದಳು ಹೆಂಡತಿ. ಕೋಲ್ ಕಥೆ ಹೇಳಿದೆ.

‘ಮೂರು ವರ್ಷದ ಭಾನುವಾರ! ಅವರ ಹೆಂಡತೀನ ಯಾರಾದ್ರೂ ವಿಚಾರಿಸಿದ್ರಾ?’

ನಾನು ಲೋಕೋಪಕಾರದ ಕಡೆ ಜಾರಿದೆ. ಮನೆ ಒಡೆಯುವುದು ಸುಲಭ, ಕೂಡಿಸುವುದು ಕಷ್ಟ. ಸಂಖ್ಯೆಗಳಲ್ಲಿ ಇದು ತಿರುಗುಮುರುಗು. ಎರಡು ಭಾರಿ ಅವಿಭಾಜ್ಯಗಳನ್ನು ಗುಣಿಸುವುದು ಕ್ಷಣದ ಕೆಲಸ, ಗುಣಲಬ್ಧವನ್ನು ಮತ್ತೆ ಒಡೆಯುವುದು ಕಂಪ್ಯೂಟರಿಗೂ ಬೆವರಿಳಿಸುತ್ತದೆ. 1977ರಲ್ಲಿ ಹುಟ್ಟಿದ ಆರ್‌ಎಸ್‌ಎ ಗೂಢಲಿಪಿ ನಿಂತಿರುವುದೇ ಈ ಗುಟ್ಟಿನ ಮೇಲೆ. ‘ಬ್ಯಾಂಕಿನ ದುಡ್ಡು ಕಾಯೋಕೂ ಇಂಥ ಗಣಿತವೇ ಬೇಕು ಕಣೇ!’ ಎಂದೆ.

‘ದುಡ್ಡಿದ್ದವರು ಕಾಯಿಸಿಕೊಳ್ಳಲಿ. ಆ ಕಾಗದ ತಿರುಗಿಸಿ ನೋಡಿ, ಆ ಕಡೆ ಇರೋ ಸಂಖ್ಯೆಗೆ ನಾಳೆಯೇ ಕೊನೇ ದಿನ.’