ಐದಡಿಯ ಆರೋಪಿ

ಮನುಷ್ಯನ ದೇಹದಲ್ಲಿ ಅತಿ ಹೆಚ್ಚು ಅಪವಾದ ಹೊತ್ತಿರುವ ಅಂಗ ಯಾವುದು ಎಂದು ಕೇಳಿದರೆ ಕವಿಗಳು ಹೃದಯ ಎನ್ನುತ್ತಾರೆ, ಸಂಸಾರಸ್ಥರು ನಾಲಿಗೆ ಎನ್ನುತ್ತಾರೆ. ನನ್ನ ಮತ ಮಾತ್ರ ದೊಡ್ಡ ಕರುಳಿಗೆ. ಹೊಟ್ಟೆಯೊಳಗೆ ಅಂಚುಗುಂಟ ಪ್ರದಕ್ಷಿಣೆ ಹಾಕಿಕೊಂಡು ಮಲಗಿರುವ ಈ ಐದಡಿ ಉದ್ದದ ಕೊಳವೆಯ ಕೆಲಸ ತೀರಾ ಸಾಧಾರಣ. ಸಣ್ಣ ಕರುಳು ದಿನಕ್ಕೆ ಒಂದೂವರೆ ಲೀಟರಿನಷ್ಟು ತೆಳು ದ್ರವವನ್ನು ತಂದು ಸುರಿಯುತ್ತದೆ. ಅದರಲ್ಲಿನ ಬಹುಪಾಲು ನೀರನ್ನು ಹೀರಿಕೊಂಡು, ಉಳಿದದ್ದನ್ನು ಬೆಳಗಾಗುವ ತನಕ ಗದ್ದಲ ಮಾಡದೆ ಇಟ್ಟುಕೊಂಡಿರಬೇಕು. ಅಷ್ಟು ಮಾಡಿದ್ದಕ್ಕೆ ಅದರ ತಲೆಯ ಮೇಲೆ ಬಂದಿರುವ ದೂರುಗಳನ್ನು ನೋಡಿ: ತಲೆನೋವು, ಮೊಡವೆ, ಕೀಲುನೋವು, ಬಕ್ಕತಲೆ, ಮರೆವು, ಮುಂಗೋಪ, ಮುಪ್ಪು. ಕೂಡುಕುಟುಂಬದ ಕಿರಿ ಸೊಸೆಯ ಹಾಗೆ, ಹಾಲು ಉಕ್ಕಿದರೂ ಅವಳೇ ಕಾರಣ, ಮಳೆ ಬಾರದಿದ್ದರೂ ಅವಳೇ ಕಾರಣ.

ಈ ಆರೋಪಿಯ ವಿರುದ್ಧ ವಾದಿಸಲು ನಮ್ಮ ಮನೆತನದಿಂದ ನೇಮಕವಾಗಿರುವ ಸರ್ಕಾರಿ ವಕೀಲರು ನಮ್ಮ ಸೋದರಮಾವ. ವೃತ್ತಿಯಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರಾಗಿದ್ದವರು. ಪೆನ್ಷನ್ ಶುರುವಾದ ಮೇಲೆ ಊರಿಗೆಲ್ಲ ಪುಕ್ಕಟೆ ವೈದ್ಯರು. ಬಸ್ಸಿಳಿದು ಬಂದವರಿಗೆ ಬೇರೆ ಮನೆಗಳಲ್ಲಿ ಕೈಕಾಲು ತೊಳೆಯಲು ನೀರು ಕೊಟ್ಟರೆ ಇವರು, "ಮೋಶನ್ ಸಲೀಸಾಗಿ ಆಗ್ತಿದೆಯೇನೋ?" ಎಂದು ಕೇಳುತ್ತಾರೆ. ಹೌದು ಎಂದರೆ ನಂಬುವುದಿಲ್ಲ. ಇಲ್ಲ ಎಂದರೆ ಬಿಡುವುದಿಲ್ಲ. ನನ್ನ ತಂಗಿಯ ಮಗ ಪಿಯುಸಿ ಗಣಿತದಲ್ಲಿ ನಪಾಸಾದಾಗ, ಪಾಠ ಹೇಳಿಕೊಟ್ಟವರು ತಾವೇ ಎಂಬುದನ್ನು ಜಾಣತನದಿಂದ ಮರೆತು, "ಹೊಟ್ಟೆ ಕ್ಲೀನಾಗಿಲ್ಲದವನ ತಲೆಗೆ ಕ್ಯಾಲ್ಕುಲಸ್ ಎಲ್ಲಿಂದ ಹತ್ತಬೇಕು?" ಎಂದರು. ನೆಂಟರಲ್ಲಿ ಯಾರದೋ ಮದುವೆ ಮಾತುಕತೆ ಮುರಿದುಬಿದ್ದಾಗಲೂ ಅವರಿಗೆ ಆಶ್ಚರ್ಯವಾಗಲಿಲ್ಲ. "ಹುಡುಗನ ಮುಖ ನೋಡಿದಾಗಲೇ ಅಂದ್ಕೊಂಡೆ, ಎರಡು ದಿನದಿಂದ ಆಗಿಲ್ಲ ಅಂತ."

ಮಾವನಿಗೆ ಈ ವಿದ್ಯೆ ಬಂದದ್ದು ಅಜ್ಜಿಯಿಂದ. ಬೇಸಿಗೆ ರಜಕ್ಕೆ ಮೊಮ್ಮಕ್ಕಳೆಲ್ಲ ಸೇರಿದಾಗ, ಅಜ್ಜಿಯ ಪಂಚಾಂಗದಲ್ಲಿ ಯುಗಾದಿಗೂ ಇಲ್ಲದ ಮಹತ್ವ ಹರಳೆಣ್ಣೆ ಕುಡಿಸುವ ದಿನಕ್ಕಿತ್ತು. ಬೆಳಗಿನ ಜಾವ ನಮ್ಮನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ, ಮೂಗು ಹಿಡಿದು, ಬಿಸಿ ಕಾಫಿಗೆ ಬೆರೆಸಿದ ಹರಳೆಣ್ಣೆಯನ್ನು ಗಂಟಲಿಗಿಳಿಸುತ್ತಿದ್ದಳು. ಮಧ್ಯಾಹ್ನಕ್ಕೆ ಮೆಣಸಿನ ಸಾರು, ಮೆತ್ತಗಿನ ಅನ್ನ. ಮನೆ ತುಂಬ ಮಕ್ಕಳು. ಕಕ್ಕಸು ಒಂದೇ, ಅದೂ ಹಿತ್ತಲ ತುದಿಯಲ್ಲಿ. ಅಂದು ನಾವು ಕಲಿತ ಸಂಯಮವನ್ನು ಯಾವ ಯೋಗಶಿಬಿರವೂ ಕಲಿಸಲಾರದು. ಆದರೆ ಅಜ್ಜಿಗೆ ಸಿದ್ಧಾಂತ ಗಿದ್ಧಾಂತ ಇರಲಿಲ್ಲ. ವರ್ಷಕ್ಕೊಮ್ಮೆ ಹಂಡೆ ಬೆಳಗಬೇಕು, ಹೊಟ್ಟೆ ತೊಳೆಯಬೇಕು, ಅಷ್ಟೇ. ಸಿದ್ಧಾಂತ ಸೇರಿಸಿದವರು ಮಾವ. ಕರುಳಿನಲ್ಲಿ ನಿಂತದ್ದು ಕೊಳೆಯುತ್ತದೆ, ಕೊಳೆತದ್ದು ವಿಷವಾಗುತ್ತದೆ, ವಿಷ ರಕ್ತಕ್ಕೆ ಸೇರುತ್ತದೆ, ರಕ್ತ ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ರೋಗ. ಇದನ್ನೇ ಸಾಧಿಸಬೇಕಾಗಿತ್ತು!

ಇದೆಲ್ಲ ನಮ್ಮ ಋಷಿಮುನಿಗಳು ಕಂಡುಕೊಂಡದ್ದು ಎಂಬುದು ಮಾವನ ದೃಢ ನಂಬಿಕೆ. ಪೂರ್ತಿ ತಪ್ಪೇನಲ್ಲ. ಆಯುರ್ವೇದದ ಪಂಚಕರ್ಮದಲ್ಲಿ ವಿರೇಚನವೂ ಇದೆ, ಬಸ್ತಿಯೂ ಇದೆ. ಹಠಯೋಗದ ಷಟ್ಕರ್ಮಗಳಲ್ಲೂ ಬಸ್ತಿಗೆ ಸ್ಥಾನವಿದೆ. ಆದರೆ ಈ ಚಿಂತೆ ನಮ್ಮ ಏಕಸ್ವಾಮ್ಯವಲ್ಲ. ಪ್ರಾಚೀನ ಈಜಿಪ್ಟಿನಲ್ಲಿ ಫೇರೋನ ಆಸ್ಥಾನವೈದ್ಯನೊಬ್ಬನಿಗೆ ಇದ್ದ ಬಿರುದನ್ನು ಕನ್ನಡದಲ್ಲಿ ಮರ್ಯಾದೆಯಿಂದ ಹೇಳುವುದಾದರೆ 'ರಾಜಗುದಪಾಲಕ'. ಇದನ್ನು ಕೇಳಿದ ದಿನ ಮಾವನ ಕಣ್ಣು ಹೊಳೆಯಿತು. ವಿಸಿಟಿಂಗ್ ಕಾರ್ಡು ಮಾಡಿಸಿಯಾರೆಂದು ಅತ್ತೆ ಹೆದರಿದ್ದರು.

ಮಾವನ ಈ ಸಿದ್ಧಾಂತ ಇದ್ದಕ್ಕಿದ್ದಂತೆ ಆಧುನಿಕ ವಿಜ್ಞಾನದ ವೇಷ ಹಾಕಿದ್ದು ಮಾತ್ರ ಪ್ಯಾರಿಸ್ಸಿನಲ್ಲಿ. 1887ರಲ್ಲಿ ಶಾರ್ಲ್ ಬೂಶಾರ್ ಎಂಬ ವೈದ್ಯರು, ಮನುಷ್ಯ ತನ್ನ ಕರುಳಿನ ವಿಷದಿಂದ ತಾನೇ ನಂಜೇರಿಸಿಕೊಳ್ಳುತ್ತಾನೆಂದು ಪುಸ್ತಕ ಬರೆದರು. ಅದೇ ಊರಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಎಲಿ ಮೆಚ್ನಿಕಾಫ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರೇನು ಸಾಮಾನ್ಯರಲ್ಲ, ರಕ್ತದ ಕಣಗಳು ರೋಗಾಣುಗಳನ್ನು ನುಂಗುವ ಬಗೆಯನ್ನು ತೋರಿಸಿ 1908ರಲ್ಲಿ ನೊಬೆಲ್ ಪಡೆದವರು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳೇ ಮುಪ್ಪಿಗೆ ಕಾರಣ, ಮೊಸರಿನ ಬ್ಯಾಕ್ಟೀರಿಯಾಗಳೇ ಅದಕ್ಕೆ ಮದ್ದು ಎಂದು ಅವರು ಸಾರಿದರು. ಬಲ್ಗೇರಿಯದ ರೈತರು ಹುಳಿಹಾಲು ಕುಡಿದು ದೀರ್ಘಕಾಲ ಬಾಳುತ್ತಾರೆ ಎಂಬುದು ಅವರ ಸಾಕ್ಷಿ. ತಾವೂ ತಪ್ಪದೆ ಕುಡಿದರು. 1916ರಲ್ಲಿ, ಎಪ್ಪತ್ತೊಂದನೆಯ ವಯಸ್ಸಿಗೆ ತೀರಿಕೊಂಡರು. ಅವರು ಒಮ್ಮೆ ನಮ್ಮ ಕಡೆ ಬಂದು ಹೋಗಿದ್ದರೆ ಚೆನ್ನಾಗಿತ್ತು. ತಲೆಮಾರುಗಳಿಂದ ಊಟದ ಕೊನೆಗೆ ಮೊಸರನ್ನ ಕಲಸಿ ತಿಂದವರ ನಾಡು ಇದು. ಆದರೂ ಆಗ ಭಾರತೀಯನ ಸರಾಸರಿ ಆಯುಷ್ಯ ಮೂವತ್ತನ್ನೂ ಮುಟ್ಟಿರಲಿಲ್ಲ. ಪ್ಲೇಗು, ಕಾಲರಾ, ಇನ್‌ಫ್ಲುಯೆಂಜಾಗಳಿಗೆ ನಮ್ಮ ಮೊಸರಿನ ಮೇಲೆ ಗೌರವವಿರಲಿಲ್ಲ.

ಪ್ಯಾರಿಸ್ ಮೊಸರಿಗೆ ನಿಲ್ಲಿಸಿತು; ಲಂಡನ್ ಕತ್ತಿ ಹಿರಿಯಿತು. ಗೈಸ್ ಆಸ್ಪತ್ರೆಯ ಸರ್ ವಿಲಿಯಂ ಆರ್ಬತ್‌ನಾಟ್ ಲೇನ್ ಅವರ ಕೈಚಳಕ ಆಗ ಹೆಸರುವಾಸಿ. ಆರೋಪಿ ತಪ್ಪೊಪ್ಪಿಕೊಳ್ಳದಿದ್ದರೆ ಗಡೀಪಾರು ಮಾಡಿದರಾಯಿತು ಎಂದು ಅವರು ಮಲಬದ್ಧತೆಯ ರೋಗಿಗಳ ದೊಡ್ಡ ಕರುಳನ್ನೇ ತೆಗೆದುಹಾಕತೊಡಗಿದರು. ಆ್ಯಂಟಿಬಯಾಟಿಕ್ ಇಲ್ಲದ ಕಾಲ. ಅನೇಕರು ಮಲಬದ್ಧತೆಯಿಂದಲೂ ಪ್ರಪಂಚದಿಂದಲೂ ಒಟ್ಟಿಗೇ ಮುಕ್ತರಾದರು. ಎಲ್ಲ ರೋಗಕ್ಕೂ ಒಂದೇ ಅಂಗವನ್ನು ಹೊಣೆ ಮಾಡಿ ಕೊಯ್ಯುವ ಇಂಥ ಶಸ್ತ್ರವೈದ್ಯರನ್ನು ಬರ್ನಾರ್ಡ್ ಷಾ 1906ರ 'ದಿ ಡಾಕ್ಟರ್ಸ್ ಡಿಲೆಮಾ' ನಾಟಕದಲ್ಲಿ ಗೇಲಿ ಮಾಡಿದ್ದಾರೆ. ಅಲ್ಲಿನ ಸರ್ಜನ್ ಎಲ್ಲರ ಹೊಟ್ಟೆಯಿಂದಲೂ ತೆಗೆಯುವ ಚೀಲವೊಂದು ಮನುಷ್ಯರಲ್ಲಿ ಇರುವುದೇ ಇಲ್ಲ!

ಅಮೆರಿಕದ ಮಿಶಿಗನ್‌ನಲ್ಲಿ ಡಾಕ್ಟರ್ ಜಾನ್ ಹಾರ್ವಿ ಕೆಲಾಗ್ ಇದ್ದರು. ಅವರ ಬ್ಯಾಟಲ್ ಕ್ರೀಕ್ ಆರೋಗ್ಯಧಾಮಕ್ಕೆ ಶ್ರೀಮಂತರು ದುಡ್ಡು ಕೊಟ್ಟು ಎನಿಮಾ ತೆಗೆದುಕೊಳ್ಳಲು ಬರುತ್ತಿದ್ದರು. ಮಾಂಸವಿಲ್ಲದ ಊಟ, ತೌಡು, ಮೊಸರು. ಮೊಸರಿನಲ್ಲಿ ಅರ್ಧ ಬಾಯಿಗೆ, ಇನ್ನರ್ಧ ಹಿಂಬಾಗಿಲಿನಿಂದ. ಮೊಸರಿಗೆ ಉಪ್ಪಿನಕಾಯಿ ನಂಚಿಕೊಳ್ಳುವ ನಮ್ಮ ಪದ್ಧತಿ ಅಲ್ಲಿಗೆ ತಲುಪದಿದ್ದುದು ಅಲ್ಲಿನವರ ಪೂರ್ವಪುಣ್ಯ. ಆ ಧಾಮದ ಅಡುಗೆಮನೆಯ ಪ್ರಯೋಗಗಳಲ್ಲಿ ಹುಟ್ಟಿದ್ದೇ ಕಾರ್ನ್‌ಫ್ಲೇಕ್ಸ್. ಅವರ ತಮ್ಮ ವಿಲ್ ಕೀತ್ 1906ರಲ್ಲಿ ಅದಕ್ಕೆ ಕಂಪನಿ ಕಟ್ಟಿ ಲಕ್ಷಾಧಿಪತಿಯಾದರು. ನಮ್ಮ ಮಕ್ಕಳು ಬೆಳಗ್ಗೆ ಕಾರ್ನ್‌ಫ್ಲೇಕ್ಸ್ ತಿನ್ನುವುದನ್ನು ಕಂಡರೆ ಮಾವ ಉರಿದುಬೀಳುತ್ತಾರೆ: "ಅಕ್ಕಿರೊಟ್ಟಿ ಬಿಟ್ಟು ಇದೇನ್ರೋ ರದ್ದಿ ಕಾಗದ ತಿಂತೀರಿ!" ಆ ರದ್ದಿ ಕಾಗದದ ಹಿಂದೆ ಇದ್ದವರು ತಮ್ಮದೇ ಗೋತ್ರದವರು ಎಂದು ಹೇಳಿದರೆ ಮಾತು ಬದಲಿಸುತ್ತಾರೆ.

ಇಷ್ಟೆಲ್ಲ ಪ್ರತಾಪ ನಡೆದ ಮೇಲೆ 1919ರಲ್ಲಿ ವಾಲ್ಟರ್ ಆಲ್ವರೆಜ್ ಎಂಬ ಅಮೆರಿಕನ್ ವೈದ್ಯರು ಒಂದು ಸಣ್ಣ ಪ್ರಶ್ನೆ ಎತ್ತಿದರು. ಹೊಟ್ಟೆ ಕಟ್ಟಿದಾಗ ತಲೆ ಭಾರ, ಮಂಕು, ಸಿಡಿಮಿಡಿ ನಿಜ. ಹೋಗಿಬಂದ ಮರುನಿಮಿಷವೇ ತಲೆ ಹಗುರಾಗುವುದೂ ನಿಜ. ರಕ್ತಕ್ಕೆ ವಿಷ ಸೇರಿದ್ದೇ ಕಾರಣವಾದರೆ ಅದು ಕರಗಲು ಹೊತ್ತು ಬೇಡವೇ? ಕದ ತೆರೆದು ಹೊರಗೆ ಬರುವಷ್ಟರಲ್ಲಿ ರಕ್ತ ಶುದ್ಧವಾಗುವುದು ಹೇಗೆ? ಕೆಲವು ವರ್ಷಗಳ ಮೇಲೆ ಡೊನಾಲ್ಡ್‌ಸನ್ ಎಂಬ ಇನ್ನೊಬ್ಬರು, ಒಪ್ಪಿ ಬಂದವರ ಗುದನಾಳದಲ್ಲಿ ಹತ್ತಿ ತುರುಕಿ ಕೂರಿಸಿದರು. ತಲೆಭಾರ, ಮಂಕು ಎಲ್ಲ ಕ್ರಮವಾಗಿ ಬಂದವು. ಹತ್ತಿ ತೆಗೆದೊಡನೆ ಹೋದವು. ಹತ್ತಿ ಕೊಳೆಯುವುದಿಲ್ಲ, ವಿಷ ಕಾರುವುದಿಲ್ಲ. ಗೋಡೆ ಹಿಗ್ಗಿದ್ದರ ಸುದ್ದಿ ನರಗಳ ಮೂಲಕ ತಲೆಗೆ ಹೋಗಿತ್ತು, ಅಷ್ಟೇ. ವಿಜ್ಞಾನದ ಇತಿಹಾಸದಲ್ಲಿ ಆ ಸ್ವಯಂಸೇವಕರ ಹೆಸರುಗಳನ್ನು ಯಾರೂ ಕೆತ್ತಿಸಿಲ್ಲ; ಕೆತ್ತಿಸಿದ್ದರೂ ಅವರ ಮನೆಯವರು ಅಳಿಸುತ್ತಿದ್ದರೇನೋ.

ಮಾವನಿಗೆ ಅಮೆರಿಕದ ಹತ್ತಿಯ ಮೇಲೆ ವಿಶ್ವಾಸವಿಲ್ಲ. ಅವರ ತುರುಪು ಗಾಂಧೀಜಿ. "ಮಹಾತ್ಮರೇ ಹೊಟ್ಟೆ ಮೇಲೆ ಮಣ್ಣು ಕಟ್ಟಿಕೊಳ್ತಿದ್ರು ಕಣೋ!" ಕಟ್ಟಿಕೊಳ್ಳುತ್ತಿದ್ದರು, ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ದಕ್ಷಿಣ ಆಫ್ರಿಕದಲ್ಲಿದ್ದಾಗ ಅವರಿಗೆ ಮಲಬದ್ಧತೆಯೂ ಇತ್ತು, ಆಗಾಗ ತಲೆನೋವೂ ಬರುತ್ತಿತ್ತು. ಮ್ಯಾಂಚೆಸ್ಟರಿನಲ್ಲಿ ಬೆಳಗಿನ ತಿಂಡಿ ಬಿಟ್ಟವರ ಸಂಘವೊಂದು ಹುಟ್ಟಿದೆ ಎಂದು ಓದಿ ತಾವೂ ತಿಂಡಿ ಬಿಟ್ಟರು. ತಲೆನೋವು ಪೂರ್ತಿ ನಿಂತಿತು. ಮಲಬದ್ಧತೆ ಮಾತ್ರ ಹೋಗಲಿಲ್ಲ. ಮಣ್ಣಿನ ಪಟ್ಟಿ ಬಂದದ್ದು ಆಮೇಲೆ. ಇಲ್ಲಿಯೇ ನಾನು ಮಾವನಿಗೆ ಅವರದೇ ಭಾಷೆಯಲ್ಲಿ ಲೆಕ್ಕ ಹಾಕಿದೆ: ಕರುಳೇ ತಲೆನೋವಿಗೆ ಮೂಲವಾಗಿದ್ದರೆ, ಕರುಳು ಸರಿಹೋಗದೆ ತಲೆನೋವು ಹೋಗಬಾರದಿತ್ತು, ಇಲ್ಲಿ ಒಂದು ಉಳಿದಿದ್ದರೂ ಇನ್ನೊಂದು ಹೋಗಿದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಮಹಾತ್ಮರು, ನಮ್ಮ ಸೂತ್ರ ಅವರಿಗೆ ಅನ್ವಯಿಸೋಲ್ಲ" ಎಂದರು.

ನೂರು ವರ್ಷದ ಹಿಂದೆ ಖುಲಾಸೆಯಾದ ಆರೋಪಿಯನ್ನು ಈಗ ವಾಟ್ಸ್‌ಆ್ಯಪ್ ಪೊಲೀಸರು ಮತ್ತೆ ಹಿಡಿದಿದ್ದಾರೆ. ನಿಮ್ಮ ಕರುಳಿನ ಗೋಡೆಗೆ ವರ್ಷಗಳ ಕೊಳೆ ಕೆ.ಜಿ.ಗಟ್ಟಲೆ ಅಂಟಿದೆ ಎಂದು ಬೆಳಗಿನ 'ಶುಭೋದಯ'ದ ಜೊತೆಗೇ ಸಂದೇಶ ಬರುತ್ತದೆ. ಕರುಳಿನ ಒಳಪದರದ ಕೋಶಗಳು ಕೆಲವೇ ದಿನಗಳಿಗೊಮ್ಮೆ ಉದುರಿ ಹೊಸದಾಗುತ್ತವೆ; ಅಂಟಿಕೊಳ್ಳಲು ಅಲ್ಲಿ ಹಳೆ ಗೋಡೆಯೇ ಇರುವುದಿಲ್ಲ. ಆದರೂ ಕರುಳು ತೊಳೆಯುವ ಪುಡಿ ತೆಗೆದುಕೊಂಡವರು ಹಗ್ಗದಂಥ ಕಪ್ಪು ಕೊಳೆ ಹೊರಬಿದ್ದದ್ದರ ಫೋಟೋ ತೋರಿಸುತ್ತಾರೆ. ಅಂಥ ಪುಡಿಗಳಲ್ಲಿ ಇಸಬ್‌ಗೋಲು, ಬೆಂಟೋನೈಟ್ ಜೇಡಿಮಣ್ಣು ಇರುತ್ತವೆ. ಎರಡೂ ನೀರು ಕುಡಿದು ಉಬ್ಬಿ ರಬ್ಬರಿನಂತಾಗುವ ಪದಾರ್ಥಗಳು. ಅಂದರೆ ಹೊರಬಂದದ್ದು ದುಡ್ಡು ಕೊಟ್ಟು ಒಳಗೆ ಹಾಕಿಕೊಂಡದ್ದೇ. ಇನ್ನು ಮ್ಯಾಕ್ಸ್ ಗೆರ್ಸನ್ ಎಂಬ ಜರ್ಮನ್ ವೈದ್ಯರು ಕ್ಯಾನ್ಸರಿಗೆಂದು ಹೇಳಿಕೊಟ್ಟ ಕಾಫಿ ಎನಿಮಾ. ಕ್ಯಾನ್ಸರ್ ಅದರಿಂದ ವಾಸಿಯಾದದ್ದಕ್ಕೆ ಪುರಾವೆಯಿಲ್ಲ. ಲವಣಗಳು ಏರುಪೇರಾಗಿ, ಕರುಳು ಸುಟ್ಟು ಆಸ್ಪತ್ರೆ ಸೇರಿದವರಿದ್ದಾರೆ. ಚಿಕ್ಕಮಗಳೂರಿನ ಬೀಜ ಹುರಿಸಿ, ಚಿಕೋರಿ ಎಷ್ಟು ಹಾಕಬೇಕೆಂದು ಗಂಡಹೆಂಡಿರು ಜಗಳವಾಡಿ, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸುವ ನಾಡಿನವನಾದ ನನಗೆ, ಇದರಲ್ಲಿ ಅನ್ಯಾಯವಾಗಿರುವುದು ಕರುಳಿಗಿಂತ ಹೆಚ್ಚಾಗಿ ಕಾಫಿಗೆ.

ಹಾಗೆಂದು ಕರುಳಿಗೂ ಉಳಿದ ದೇಹಕ್ಕೂ ಸಂಬಂಧವೇ ಇಲ್ಲವೆನ್ನಲಾಗದು. ಕರುಳಿನ ಉರಿಯೂತದ ಕೆಲವು ಕಾಯಿಲೆಗಳು ಕೀಲು, ಕಣ್ಣು, ಚರ್ಮ, ಪಿತ್ತನಾಳಗಳನ್ನೂ ಕಾಡುತ್ತವೆ. ಪಾರ್ಕಿನ್ಸನ್ ರೋಗದಲ್ಲಿ ಕೈ ನಡುಗುವ ಎಷ್ಟೋ ವರ್ಷ ಮೊದಲೇ ಮಲಬದ್ಧತೆ ಕಾಣಿಸಿಕೊಳ್ಳುವುದುಂಟು. ಸಿ. ಡಿಫಿಸಿಲ್ ಎಂಬ ಹಟಮಾರಿ ಬ್ಯಾಕ್ಟೀರಿಯಾ ಭೇದಿಗೆ ಆರೋಗ್ಯವಂತರ ಮಲವನ್ನೇ ಔಷಧಿಯಾಗಿ ಕೊಟ್ಟು ಗುಣಪಡಿಸಬಹುದೆಂದು ನೆದರ್ಲೆಂಡ್ಸಿನ ವೈದ್ಯರು 2013ರಲ್ಲಿ ತೋರಿಸಿದರು. ಬೂಶಾರ್ ವಿಷವೆಂದದ್ದು ಈಗ ಪ್ರಸಾದ! ಕೊಳೆಸುವ ರಾಕ್ಷಸರೆನಿಸಿಕೊಂಡಿದ್ದ ಬ್ಯಾಕ್ಟೀರಿಯಾಗಳು ಮೈಕ್ರೋಬಯೋಮ್ ಎಂಬ ಹೆಸರು ಹೊತ್ತು ದೇವರಕೋಣೆ ಸೇರಿವೆ. ಅವು ನಾರಿನಂಶವನ್ನು ಹುದುಗಿಸಿ ಕರುಳಿನ ಕೋಶಗಳಿಗೆ ಆಹಾರ ಒದಗಿಸುತ್ತವೆ ಎಂಬುದು ನಿಜ. ಆದರೆ ಅಂಗಡಿಯವನು ನಿಜದ ಹಿಂದೆಯೇ ಚೀಲ ಹಿಡಿದು ಬರುತ್ತಾನೆ. ಮೊದಲು ಅವುಗಳನ್ನು ತೊಳೆದು ಕಳಿಸಲು ಪುಡಿ ಮಾರುತ್ತಿದ್ದ. ಈಗ ಕರೆತಂದು ಕೂರಿಸಲು ಕ್ಯಾಪ್ಸೂಲ್ ಮಾರುತ್ತಾನೆ. ಕೆಲವರು ಎರಡನ್ನೂ ಒಟ್ಟಿಗೆ ಕೊಂಡು ಮನೆಗೆ ಹೋಗುತ್ತಾರೆ.

ಈ ಇಡೀ ಪುರಾಣದಲ್ಲಿ ನನ್ನನ್ನು ದಂಗುಬಡಿಸಿದ್ದು ಬೇರೆಯೇ ಸಂಗತಿ. ಊರಿನವರ ರೋಗಕ್ಕೆಲ್ಲ ಕರುಳನ್ನು ಹೊಣೆ ಮಾಡುವ ಮಾವನಿಗೆ ಒಮ್ಮೆ ಕರುಳಿನಿಂದಲೇ ರಕ್ತ ಬರತೊಡಗಿತು. ಆಗ ಅವರು ಏನೆಂದರು ಗೊತ್ತೇ? "ಉಷ್ಣ!" ಎಳನೀರು ಕುಡಿದರು, ಮಜ್ಜಿಗೆ ಕುಡಿದರು, ಕಾಮಕಸ್ತೂರಿ ಬೀಜ ನೆನೆಸಿ ಕುಡಿದರು. ಮೊಡವೆಗೆ ಕರುಳು ಕಾರಣ. ಕರುಳಿನ ರಕ್ತಕ್ಕೆ ಮಾತ್ರ ಬಿಸಿಲು ಕಾರಣ. ನೆಂಟರ ಮೋಶನ್ನಿನ ಬಗ್ಗೆ ನಡುಮನೆಯಲ್ಲಿ ಚರ್ಚಿಸುವವರಿಗೆ ತಮ್ಮದನ್ನು ಡಾಕ್ಟರಿಗೆ ಹೇಳಲು ನಾಚಿಕೆ. ಇದು ಮಾವನೊಬ್ಬರ ಕಥೆಯಲ್ಲ. ಮಲದಲ್ಲಿ ರಕ್ತ ಕಂಡರೆ, ವಾರಗಟ್ಟಲೆ ಅಭ್ಯಾಸ ಬದಲಾದರೆ, ತಾನಾಗಿ ತೂಕ ಇಳಿದರೆ ಪರೀಕ್ಷೆ ಮಾಡಿಸಬೇಕು. ಅದನ್ನು ಮೂಲವ್ಯಾಧಿ, ಉಷ್ಣ ಎಂದು ತಿಂಗಳುಗಟ್ಟಲೆ ಮುಂದೂಡಿ, ಕಾಲ ಮೀರಿದ ಮೇಲೆ ಕ್ಯಾನ್ಸರ್ ಆಸ್ಪತ್ರೆಯ ಮೆಟ್ಟಿಲು ಹತ್ತುವವರು ನಮ್ಮಲ್ಲಿ ಬೇಕಾದಷ್ಟು ಜನ. ಯಾವ ಯಾವುದಕ್ಕೋ ಕರುಳನ್ನು ಬೈಯುವ ನಾವು, ಅದು ತನ್ನದೇ ನೋವು ಹೇಳಿಕೊಂಡಾಗ ಕಿವಿ ಮುಚ್ಚಿಕೊಳ್ಳುತ್ತೇವೆ.

ಅತ್ತೆ ಅಳುವ ತನಕ ಹೋಗಿ, ಮಾವ ಕೊನೆಗೆ ಕೊಲೊನೊಸ್ಕೋಪಿಗೆ ಒಪ್ಪಿದರು. ಹಿಂದಿನ ದಿನ ಲೀಟರುಗಟ್ಟಲೆ ಔಷಧಿಯ ನೀರು ಕುಡಿಯಬೇಕೆಂದಾಗ ಹಬ್ಬದ ಕಳೆ ಬಂತು. ರಾತ್ರಿಯಿಡೀ ಓಡಾಡಿ ಬೆಳಗಾಗುವಷ್ಟರಲ್ಲಿ ಸ್ಫಟಿಕದ ಹಾಗೆ ಸ್ವಚ್ಛವಾಗಿದ್ದರು. ಅಜ್ಜಿಯ ಹರಳೆಣ್ಣೆಯೂ ಮಾಡಲಾಗದ ಸಾಧನೆ. ಡಾಕ್ಟರು ಕ್ಯಾಮೆರಾ ಬಿಟ್ಟು, ಮುಂದೆ ಕೆಡಬಹುದಾಗಿದ್ದ ಒಂದು ಸಣ್ಣ ಗಂಟನ್ನು ಅಲ್ಲೇ ಕತ್ತರಿಸಿ ತೆಗೆದರು. ಉಳಿದಂತೆ ಕರುಳು ಲಕ್ಷಣವಾಗಿದೆ ಎಂದರು. ಆರೋಪಿ ಕೊನೆಗೂ ಬಾಯಿ ಬಿಟ್ಟಿದ್ದ, ಅದೂ ಸಕಾಲದಲ್ಲಿ.

ಮನೆಗೆ ಕರೆತರುವಾಗ ಕೇಳಿದೆ: "ಏನ್ ಮಾವ, ಇದಕ್ಕಿಂತ ಕ್ಲೀನ್ ಯಾರ ಹೊಟ್ಟೆಯೂ ಇರಲಾರದು. ಮೊಣಕಾಲು ನೋವು ಹೋಯ್ತಾ?"

"ಇಲ್ಲ."

"ರಾತ್ರಿ ಕೆಮ್ಮು? ಮರೆವು? ಅತ್ತೆ ಮೇಲಿನ ಸಿಟ್ಟು?"

ಮಾವ ಕಾರಿನ ಕಿಟಕಿಯಾಚೆ ನೋಡುತ್ತ ಮನಸ್ಸಿನಲ್ಲೇ ಏನೋ ಕೂಡಿ ಕಳೆದರು. ಆಮೇಲೆ, ಕಷ್ಟದ ಲೆಕ್ಕಕ್ಕೆ ಉತ್ತರ ಹೊಳೆದ ಮೇಷ್ಟ್ರ ಗೆಲುವಿನಿಂದ ನನ್ನ ಕಡೆ ತಿರುಗಿದರು.

"ದೊಡ್ಡ ಕರುಳು ಬರೀ ಐದಡಿ ಕಣೋ. ಸಣ್ಣ ಕರುಳು ಇನ್ನೂ ಇಪ್ಪತ್ತಡಿ ಬಾಕಿ ಇದೆಯಲ್ಲ!"